ಶಿರಾಜ್ ಸವಿಯುವುದು ಹೇಗೆ? ಮೂಗಿಗೇ ಮೊದಲ ಮಣೆ

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಚಳಿ ದೇಶದ ಕೋಣೆಗಳಿಗೆ ಸರಿ. ನಮ್ಮಲ್ಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಶಿರಾಜ್ ಎಂಬ ದ್ರಾಕ್ಷಿ ತಳಿಯಿಂದ ಮಾಡುವ ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹದ. ಅದಕ್ಕಿಂತ ಬೆಚ್ಚಗಾದರೆ ಆಲ್ಕೋಹಾಲಿನ ಘಾಟು ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ.

ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಿನ ಮೂರನೇ ಒಂದು ಭಾಗದಷ್ಟೇ ಸುರಿಯಿರಿ. ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ ಎಳೆಯ ಶಿರಾಜ್ ನಡುವೆ ಕಡುಗಪ್ಪಾಗಿ, ಅಂಚಿನಲ್ಲಿ ನೇರಳೆಯಾಗಿ ಕಾಣುತ್ತದೆ. ವರ್ಷಗಳು ಕಳೆದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಮೂಗಿನ ಸರದಿ. ದಯವಿಟ್ಟು ಇಲ್ಲಿ ಅವಸರ ಬೇಡ. ಅಲುಗಿಸದೆ ಒಮ್ಮೆ, ಗ್ಲಾಸನ್ನು ಸುತ್ತಿಸಿ ಇನ್ನೊಮ್ಮೆ ಮೂಸಿ. ಪಕ್ಕದಲ್ಲಿ ನಾಲ್ಕು ಕಾಳುಮೆಣಸು ಜಜ್ಜಿಟ್ಟುಕೊಂಡು ಅದನ್ನೂ ಮೂಸಿ. ವೈನಿನಲ್ಲೂ ಅದೇ ವಾಸನೆ ಎದ್ದರೆ ಭ್ರಮೆಯೆಂದುಕೊಳ್ಳಬೇಡಿ. ರೋಟಂಡೋನ್ ಎಂಬ ಒಂದೇ ಸಂಯುಕ್ತ ಎರಡರಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಇದು ತಟ್ಟುವುದೇ ಇಲ್ಲ. ನಿಮಗೆ ಸಿಗದಿದ್ದರೆ ಬೇಸರ ಬೇಡ.

ಮೆಣಸು ಎಷ್ಟು ಎನ್ನುವುದೇ ಊರಿನ ಸುಳಿವು. ತಂಪಿನಲ್ಲಿ ಮಾಗಿದ ದ್ರಾಕ್ಷಿಯಲ್ಲಿ ಅದು ಹೆಚ್ಚು. ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಎರ್ಮಿಟಾಜ್, ಕೋಟ್ ರೋಟಿ ವೈನುಗಳು ಹೀಗೆ. ಅಲ್ಲಿ ಈ ತಳಿಯ ಹೆಸರು ಸಿರಾ. ಇರಾನಿನ ಶಿರಾಜ್ ನಗರದಿಂದ ಧರ್ಮಯೋಧನೊಬ್ಬ ಬಳ್ಳಿ ತಂದನೆಂಬ ಕಥೆಯನ್ನು ಇಂದಿಗೂ ಹೇಳುವವರಿದ್ದಾರೆ. ಆದರೆ 1998ರ ಡಿಎನ್‌ಎ ಪರೀಕ್ಷೆಯಲ್ಲಿ ತಂದೆತಾಯಿ ಸಿಕ್ಕಿದ್ದು ಫ್ರಾನ್ಸಿನಲ್ಲೇ: ಡ್ಯೂರೆಝಾ ಮತ್ತು ಮೊಂಡೂಸ್ ಬ್ಲಾಂಶ್ ಎಂಬ ಎರಡು ತಳಿಗಳು. ಆಸ್ಟ್ರೇಲಿಯಾದ ದ್ರಾಕ್ಷಿ ಕೃಷಿಗೆ ನಾಂದಿ ಹಾಡಿದವರಲ್ಲೊಬ್ಬನಾದ ಜೇಮ್ಸ್ ಬಸ್ಬಿ ಯುರೋಪಿನಿಂದ ತರಿಸಿದ, ಈ ತಳಿಯೂ ಸೇರಿದ ಬಳ್ಳಿ ತುಂಡುಗಳು 1832ರಲ್ಲಿ ಆಸ್ಟ್ರೇಲಿಯಾ ತಲುಪಿದವು. ಬೇರು ತಿನ್ನುವ ಫಿಲೋಕ್ಸೆರಾ ಕೀಟ ಯುರೋಪಿನ ತೋಟಗಳನ್ನು ನುಂಗಿದರೂ ದಕ್ಷಿಣ ಆಸ್ಟ್ರೇಲಿಯಾವನ್ನು ಮುಟ್ಟಲಿಲ್ಲ. ಹಾಗಾಗಿ 1840ರ ದಶಕದಲ್ಲಿ ನೆಟ್ಟ ಬಳ್ಳಿಗಳು ಬರೊಸ್ಸಾ ಕಣಿವೆಯಲ್ಲಿ ಈಗಲೂ ಫಲ ಕೊಡುತ್ತಿವೆ. ಅಲ್ಲಿನ ಬಿಸಿಲಿಗೆ ವೈನು ದಪ್ಪ. ಕಪ್ಪು ಹಣ್ಣಿನ ಜಾಮ್, ಚಾಕೊಲೇಟಿನ ಘಮ.

ಈಗ ಗುಟುಕು. ಸಣ್ಣದಾಗಿ ತೆಗೆದುಕೊಂಡು ಬಾಯಿತುಂಬ ಹರಡಿ. ಒಸಡು ಬಿಗಿಯುವ ಒಗರು, ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್‌ನದು. ಜೊತೆಗೆ ಮೆಣಸು ಹಾಕಿ ಹುರಿದ ಮಟನ್ ಒಪ್ಪುತ್ತದೆ. ಹಸಿಮೆಣಸಿನ ಖಾರ ಮಾತ್ರ ಆಲ್ಕೋಹಾಲಿನ ಉರಿಯನ್ನು ಕೆರಳಿಸುತ್ತದೆ. ನಂದಿ ಬೆಟ್ಟದ ತಪ್ಪಲಿನ ಶಿರಾಜ್ ಸಿಕ್ಕರೆ ಬರೊಸ್ಸಾದ್ದರ ಪಕ್ಕದಲ್ಲಿಟ್ಟು ಹೋಲಿಸಿ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಕೆಡುವುದಿಲ್ಲ.