ಒಡೆಯದ ಹಾಗೆ ಕಟ್ಟಿ, ಕಸವಾಗದ ಹಾಗೆ ಬಿಚ್ಚಿ

ಗಾಜಿನ ತಟ್ಟೆಗಳನ್ನು ದೂರಕ್ಕೆ ಕಳಿಸಬೇಕಾಗಿದೆ ಅಂದುಕೊಳ್ಳಿ. ಟೇಪ್ ಹುಡುಕುವ ಮೊದಲೇ ಒಂದು ಯೋಚನೆ ಮಾಡಿ: ಪೆಟ್ಟಿಗೆ ತಲುಪಿದ ಮೇಲೆ ಒಳಗಿನ ಹೊದಿಕೆಯೆಲ್ಲ ಎಲ್ಲಿಗೆ ಹೋಗುತ್ತದೆ? ಆ ಕಸದ ಹೊಣೆ ಬಿಚ್ಚುವವರಿಗಿಂತ ಕಟ್ಟುವವರದೇ ಜಾಸ್ತಿ. ಏನು ತುಂಬಬೇಕು ಅಂತ ಆರಿಸುವವರು ಅವರೇ ಅಲ್ವಾ?

ಮೊದಲು ಪೆಟ್ಟಿಗೆ. ಸಾಮಾನಿನ ಸುತ್ತ ಸುಮಾರು 5 ಸೆಂ.ಮೀ. ಜಾಗ ಇದ್ದರೆ ಸಾಕು. ದೊಡ್ಡದು ತಂದರೆ ಸುಮ್ನೆ ತುಂಬುವ ಕೆಲಸ ಹೆಚ್ಚುತ್ತದೆ. ಐರೋಪ್ಯ ಒಕ್ಕೂಟದ ಹೊಸ ನಿಯಮದಲ್ಲಂತೂ 2030ರಿಂದ ಸಾಗಣೆ ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ ಇರುವಂತಿಲ್ಲ. ಕಾಗದ, ಬಬಲ್ ರ‍್ಯಾಪ್ ತುರುಕಿದ ಜಾಗವೂ ಅಲ್ಲಿ ಖಾಲಿ ಎಂದೇ ಲೆಕ್ಕ.

ರಟ್ಟಿನ ಕತ್ತರಿಸಿದ ಅಂಚನ್ನು ಹತ್ತಿರದಿಂದ ನೋಡಿ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಇನ್ನೊಂದು ಹಾಳೆ ಕಾಣುತ್ತದೆ. ಆ ಅಲೆಗಳ ಗೆರೆ ಮೇಲಿಂದ ಕೆಳಕ್ಕೆ ಇದ್ದರೆ ಪೆಟ್ಟಿಗೆ ಚೆನ್ನಾಗಿ ಭಾರ ಹೊರುತ್ತದೆ. ತೇವ ತಗುಲಿದರೆ, ಜಜ್ಜಿಹೋದರೆ ಆ ಶಕ್ತಿ ಕುಂದುತ್ತದೆ. ಹಳೆಯ ಪೆಟ್ಟಿಗೆ ಗಟ್ಟಿಯಾಗಿದ್ದರೆ ಖಂಡಿತ ಬಳಸಿ, ಮೆತ್ತಗಾಗಿದ್ದರೆ ಬೇಡ. ತಟ್ಟೆ ಒಡೆದರೆ ಹೊದಿಕೆಯ ಜೊತೆ ತಟ್ಟೆಯೂ ಕಸವೇ.

ಈಗ ತುಂಬೋಣ. ಒಂದೊಂದು ತಟ್ಟೆಯನ್ನೂ ಬೇರೆ ಬೇರೆಯಾಗಿ ಕಾಗದದಲ್ಲಿ ಸುತ್ತಿ. ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ತಳಕ್ಕೆ, ಬದಿಗೆ, ಮೇಲಕ್ಕೆ ಮುದುಡಿದ ಕಾಗದ ಒತ್ತಿ. ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ಒಳಗೆ ಸದ್ದಾದರೆ ತೆರೆದು ಇನ್ನಷ್ಟು ತುಂಬಿ.

ಥರ್ಮೋಕೋಲ್ ಆದಷ್ಟು ಬೇಡ. ಪೆಟ್ಟು ತಡೆಯುವುದರಲ್ಲಿ ಅದು ಗಟ್ಟಿಗ, ನಿಜ. ಆದರೆ ಅದರಲ್ಲಿ ನೂರಕ್ಕೆ ಸುಮಾರು 98 ಭಾಗ ಗಾಳಿ. ಗಾಡಿ ತುಂಬ ಹೇರಿದರೂ ತೂಕವೇ ಬರುವುದಿಲ್ಲ, ಹಾಗಾಗಿ ಮರುಬಳಕೆಗೆ ಸಾಗಿಸುವುದು ಗಿಟ್ಟುವುದಿಲ್ಲ. ಮುರಿದರೆ ಬಿಳಿ ಕಾಳುಗಳು ಬೆರಳಿಗೆ, ಬಟ್ಟೆಗೆ ಅಂಟುತ್ತವೆ, ಗಾಳಿಗೆ ಹಾರಿ ಚರಂಡಿ ಸೇರುತ್ತವೆ.

ಟೇಪ್ ಕೂಡ ಕಾಗದದ್ದೇ ಇರಲಿ.

ಬಿಚ್ಚುವವರ ಕೆಲಸ ಇನ್ನು ಸುಲಭ. ರಟ್ಟನ್ನು ಚಪ್ಪಟೆ ಮಾಡಿ, ಒಣಗಿದ ಕಡೆ ಇಡಿ. ಪ್ಲಾಸ್ಟಿಕ್ ಬೇರೆ ಮಾಡಿ. ಅಂಗಡಿಯಿಂದ ಬಂದ ಹೊದಿಕೆಯಾದರೆ ವಾಪಸ್ ತಗೊಳ್ತೀರಾ ಅಂತ ಸಂಕೋಚವಿಲ್ಲದೆ ಕೇಳಿ. ಜರ್ಮನಿಯಲ್ಲಿ 1991ರ ನಿಯಮವೇ ಸಾಗಣೆ ಹೊದಿಕೆಯನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರು, ಮಾರಾಟಗಾರರ ಮೇಲೆ ಹೊರಿಸಿತು.

ಭಾರದ ಸಾಮಾನು ಮರದ ಪ್ಯಾಲೆಟ್ (ಸಾಮಾನು ಹೇರುವ ಹಲಗೆಗಳ ಚೌಕಟ್ಟು) ಮೇಲೆ ಬಂದಿದ್ದರೆ ಅದರ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಹುಳ ಸಾಯಲೆಂದು ಮರದ ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ. ಅದನ್ನು ಒಲೆಗೆ ಹಾಕಬೇಡಿ, ಮನೆಯ ಬೆಂಚು-ಕಪಾಟಿಗೂ ಬೇಡ.