ಸಾಸಿವೆ ಕಾಳು ಇಟ್ಟು ಮಿದುಳಿನ ಮಾಡೆಲ್ ಸರಿಪಡಿಸಿದ್ದು

ಶವದ ತಲೆಗೆ ಏಟು ಕೊಟ್ಟು ಅಳೆದು ನಹಮ್ 1977ರಲ್ಲಿ ಕೊಟ್ಟ ಒತ್ತಡದ ಗ್ರಾಫ್‌ಗೆ, ಕಂಪ್ಯೂಟರ್‌ನಲ್ಲಿ ನಾನು ಮಾಡಿದ ತಲೆ ಮಾಡೆಲ್ ಮೊದಲ ತಿಂಗಳಲ್ಲೇ ಹೊಂದಿತ್ತು. ಏಟು ಬಿದ್ದ ಕಡೆ 140 ಕಿಲೊಪಾಸ್ಕಲ್ ಆಸುಪಾಸು. ಇನ್ನೇನು ಬೇಕು ಅಂದರು ಜೊತೆಯವರು. ಆದರೆ ಮಿದುಳು ನೀರಿನ ಹಾಗೆ, ಒತ್ತಿದರೆ ಕುಗ್ಗುವುದಿಲ್ಲ. ಶಿಯರ್ ಮಾಡ್ಯುಲಸ್, ಅಂದರೆ ಆಕಾರ ಓರೆಯಾಗುವುದನ್ನು ತಡೆಯುವ ಬಿಗಿತ, ಎಷ್ಟೋ ಪಟ್ಟು ತಪ್ಪಿದ್ದರೂ ಒತ್ತಡ ಹೊಂದಿಬಿಡುತ್ತದೆ. ಹಾರ್ಡಿ ತಂಡ 2001ರಲ್ಲಿ ಶವದ ತಲೆಗಳಿಗೆ ವೇಗದ ಎಕ್ಸ್‌ರೇ ಹಿಡಿದು ಅಳೆದ ಮಿದುಳಿನ ಚಲನೆ 5 ಮಿ.ಮೀ. ಹತ್ತಿರ. ನನ್ನದು ಅದರ ಅರ್ಧವೂ ಅಲುಗಲಿಲ್ಲ.

ತಪ್ಪು ವಸ್ತುವಿಗೆ ಕೊಟ್ಟ ಗುಣದಲ್ಲೋ, ಮಾಡೆಲನ್ನು ಸಣ್ಣ ತುಂಡು ಮಾಡುವ ಮೆಶ್‌ನಲ್ಲೋ, ಮಿದುಳು ಬುರುಡೆಗೆ ಅಂಟುವ ಕಾಂಟ್ಯಾಕ್ಟ್‌ನಲ್ಲೋ? ಬೇರೆ ಬೇರೆ ಮಾಡಿ ನೋಡಬೇಕಿತ್ತು. ಭೌತವಿಜ್ಞಾನಿ ಹೋಲ್ಬೋರ್ನ್ 1943ರ ಹೊತ್ತಿಗೇ ಮಿದುಳಿನ ಬದಲು ಜಿಲೆಟಿನ್ ತಿರುಗಿಸಿ ನೋಡಿದ್ದ. ನಾನೂ ಸ್ಟೀಲ್ ಡಬ್ಬಿಗೆ ಜಿಲೆಟಿನ್ ತುಂಬಿ, ತಿರುಗಿಸಿ, ಗಕ್ಕನೆ ನಿಲ್ಲಿಸುವ ರಿಗ್ ಮಾಡಿಸಿದೆ. ಕಪನೂರಿನ ವೆಲ್ಡರ್ "ಸರ, ಈ ಜೆಲ್ಲಿ ನಂಬಿ ಲೆಕ್ಕಾ ಮಾಡ್ತೀರೇನ್ರಿ?" ಅಂದ. ಬೇರಿಂಗ್ ಗುಜರಿಯದು. ಎಲ್ಲಾ ಸೇರಿ ಹದಿನೆಂಟು ಸಾವಿರ ಆಗಿರಬೇಕು, ಜಿಲೆಟಿನ್‌ಗೇ ನಾಲ್ಕು. ಅಂಗಡಿಯಲ್ಲಿ ತಿನ್ನೋ ಜಿಲೆಟಿನ್ ಅಂತಲೇ ಕೇಳಿ, ಇಲ್ಲಾಂದ್ರೆ ಕಲ್ಲು ಕ್ವಾರಿಯ ಕಡ್ಡಿ ಅಂದುಕೊಳ್ಳುತ್ತಾರೆ.

ಮೇ ತಿಂಗಳಲ್ಲಿ ಶುರು ಮಾಡಿದ್ದೇ ತಪ್ಪು. ಫ್ರಿಜ್‌ನಿಂದ ತೆಗೆದು ರಿಗ್‌ಗೆ ಕೂರಿಸುವಷ್ಟರಲ್ಲಿ ಅಂಚು ಕರಗಿ ಚಲನೆ ನೋಡಲು ಗುರುತಿಗೆ ಇಟ್ಟ ಸಾಸಿವೆ ಕಾಳು ತೇಲಾಡುತ್ತಿದ್ದವು. ಕರೆಂಟ್ ಹೋದ ಒಂದು ರಾತ್ರಿ ನಾಲ್ಕು ಡಬ್ಬಿ ಹಾಳಾದವು. ಬಿಸಿಲಿಗೆ ಕರಗಲ್ಲ ಅಂತ ಚೀನಾ ಗ್ರಾಸ್ ಕೂಡ ಹಾಕಿ ನೋಡಿದೆ. ನಿಲ್ಲಿಸಿದ ಕೂಡಲೇ ಸೀಳಿತು. ಕೊನೆಗೆ ಡಿಸೆಂಬರ್‌ವರೆಗೆ ಕಾದೆ. ನೂರಕ್ಕೆ ಐದು ಪಾಲು ಜಿಲೆಟಿನ್, ಅರ್ಧ ಗಟ್ಟಿಯಾದ ಪದರದ ಮೇಲೆ ಒಂದೊಂದೇ ಕಾಳು, ಮೇಲೆ ಇನ್ನೊಂದು ಪದರ. ವಿಡಿಯೊಗೆ ಸೆಕೆಂಡಿಗೆ 240 ಫ್ರೇಮ್‌ನ ಫೋನ್ ಸಾಲಲಿಲ್ಲ, 960 ಇರುವುದನ್ನು ಕೇಳಿ ತಂದೆ. ಜಿಲೆಟಿನ್ ಗೋಡೆಗೆ ಜಾರದಂತೆ ಡಬ್ಬಿಯ ಒಳಗೆ ಏನು ಬಳಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗೋಡೆ ಜಾರುತ್ತಿಲ್ಲ, ಮಾಡ್ಯುಲಸ್ ಅದೇ ದಿನ ತೂಕ ಇಟ್ಟು ಅಳೆದದ್ದು. ಆದರೂ ಕಾಳು 6 ಮಿ.ಮೀ. ಸರಿದರೆ ಅದೇ ಡಬ್ಬಿಯ ಕಂಪ್ಯೂಟರ್ ಮಾಡೆಲ್‌ನಲ್ಲಿ ಎರಡೂವರೆ! ಉಳಿದದ್ದು ಮೆಶ್ ಒಂದೇ. ಹವರ್‌ಗ್ಲಾಸ್, ಅಂದರೆ ಮೆಶ್‌ನ ತುಂಡುಗಳು ಲೆಕ್ಕಕ್ಕೆ ಸಿಗದೆ ಸೊಟ್ಟಗಾಗುವುದು, ಅದನ್ನು ತಡೆಯಲು ನಾನೇ ಹಾಕಿದ್ದ ಬಿಗಿತ, ಇಷ್ಟು ಮೆತ್ತನೆಯ ವಸ್ತುವನ್ನು ರಬ್ಬರ್ ಮಾಡಿಟ್ಟಿತ್ತು. ಎಲಿಮೆಂಟ್, ಅಂದರೆ ಮೆಶ್‌ನ ತುಂಡಿನ ಬಗೆಯನ್ನೇ ಬದಲಿಸಿದೆ. ಮೂರು ಗಂಟೆಯ ರನ್ ಇಡೀ ರಾತ್ರಿ ಹಿಡಿಯಿತು, ಆದರೆ 5.6 ಬಂತು. ಬೇರೆ ಎರಡು ವೇಗಗಳ ವಿಡಿಯೊ ಅಲ್ಲಿಯವರೆಗೆ ತೆರೆದೇ ಇರಲಿಲ್ಲ. ಏನೂ ಬದಲಿಸದೆ ಓಡಿಸಿದೆ, ಎರಡೂ ಶೇ. 15ರ ಒಳಗೆ ಕೂತವು.

ಅದೇ ಎಲಿಮೆಂಟ್ ತಲೆ ಮಾಡೆಲ್‌ಗೆ ಹಾಕಿದಾಗ ಮಿದುಳು ಹಾರ್ಡಿಯ ಗೆರೆಗಳ ಹಾಗೇ ಎಂಟರ ಆಕಾರದಲ್ಲಿ ಸುತ್ತಿತು. ಬೆಳಗಿನ ಜಾವ ನಾಲ್ಕಾಗಿತ್ತು, ಮನೆಯವರನ್ನು ಎಬ್ಬಿಸಿ ತೋರಿಸಿದೆ.