ಊರ ತಂಡ ಊರ ಹುಡುಗನನ್ನು ಬಿಟ್ಟಾಗ: ಬೈಯುವ ಮೊದಲು ನೋಡಬೇಕಾದದ್ದು

ಊರಿನ ತಂಡ ಊರಿನ ಹುಡುಗನನ್ನು ಆರಿಸಿಕೊಳ್ಳದ ದಿನ ಬೈಗುಳಕ್ಕೆ ಬರವಿರುವುದಿಲ್ಲ. ಬೈಯಬೇಡಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಇಟ್ಟುಕೊಂಡು ಬೈಯಿರಿ ಎನ್ನುತ್ತೇನೆ. 2024ರ ನವೆಂಬರಿನಲ್ಲಿ ಜೆದ್ದಾದ ಐಪಿಎಲ್ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಯ ಪಾಲಾದಾಗ, ನಮ್ಮ ಬ್ಯಾಡಗಿಯ ದಲಾಲಿ ಅಂಗಡಿಗಳ ಸಾಲಿನಲ್ಲಿ ಮೆಣಸಿನಕಾಯಿ ದರದ ಮಾತು ಬದಿಗೆ ಸರಿದು ಆರ್‌ಸಿಬಿಯ ಮಾತೇ ಮಾತಾಯಿತು. ಗುಮಾಸ್ತನಾಗಿ ಚೀಟಿ ಬರೆಯುತ್ತ ಕುಳಿತ ನಾನು ಹುಡುಗರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದ ಫುಟ್‌ಬಾಲಿನವು. ತಂಗಿಯ ಮಗ ಹ್ಯೂಸ್ಟನ್ನಿನಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ‘ಮಾಮಾ, ಇದನ್ನೊಂದು ನೋಡಿ’ ಎಂದು ಆ ಆಟದ ಗೀಳು ಹಿಡಿಸಿದವನು ಅವನೇ.

ಮೊದಲು ತಿಳಿಯಬೇಕಾದದ್ದು ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು. ಐಪಿಎಲ್‌ನಲ್ಲಿ ಹರಾಜು ಇರುತ್ತದೆ. ಚೀಲದಲ್ಲಿ ಹಣವಿದ್ದರೆ ಯಾರಿಗಾಗಿಯಾದರೂ ಕೂಗಬಹುದು. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಇರುತ್ತದೆ. 32 ತಂಡಗಳು ಸರದಿಯಲ್ಲಿ ಕಾಲೇಜಿನ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಹೀಗೆ ಏಳು ಸುತ್ತು. ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಇನ್ನೇನಾದರೂ ಪಡೆಯುವುದಕ್ಕೂ ಅವಕಾಶವಿದೆ. ಆದ್ದರಿಂದ ಹರಾಜಿನಲ್ಲಿ ‘ಇವನಿಗೆ ಇಷ್ಟು ಹಣ ಸರಿಯೇ’ ಎಂದು ಕೇಳಿ, ಡ್ರಾಫ್ಟಿನಲ್ಲಿ ‘ಈ ಸರದಿಗೆ ಇವನು ಸರಿಯೇ’ ಎಂದು ಕೇಳಿ. ಹುಡುಗ ಒಳ್ಳೆಯವನೇ ಎಂಬುದು ಎರಡರಲ್ಲೂ ಆಮೇಲಿನ ಪ್ರಶ್ನೆ.

ಇನ್ನು ತಂಡಕ್ಕೆ ಏನು ಕೊರತೆ ಎಂದು ನೋಡಿ. ಇದು ನನಗೆ ಮಾರುಕಟ್ಟೆಯಿಂದಲೇ ಗೊತ್ತು. ಟೆಂಡರ್ ದಿನ ಅನುಭವಿ ಖರೀದಿದಾರ ಚೀಲದ ಬಾಯಲ್ಲಿರುವ ಮಾಲು ನೋಡುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ಎಳೆಯುತ್ತಾನೆ. ಒಂದು ಕಾಯನ್ನು ಮಡಚುತ್ತಾನೆ. ಮುರಿದರೆ ಒಣಗಿದೆ, ಬಾಗಿದರೆ ತೇವವಿದೆ. ಬಣ್ಣ ತೆಗೆಯುವ ಕಾರ್ಖಾನೆಗೆ ಕೊಳ್ಳುವವನಾದರೆ ಕೆಂಪು ನೋಡುತ್ತಾನೆ. ಖಾರದ ಪುಡಿಗೆ ಕೊಳ್ಳುವವನು ಖಾರ ಕಡಿಮೆಯಿರುವ ನಮ್ಮ ಬ್ಯಾಡಗಿ ಡಬ್ಬಿ ತಳಿಯನ್ನು ಪಕ್ಕಕ್ಕೆ ಬಿಟ್ಟು ಗುಂಟೂರು ತಳಿಗೆ ಹೆಚ್ಚು ದರ ಬರೆದರೂ ಬರೆದಾನು. ನಮ್ಮ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂದು ಆಗ ಅವನ ಮುಂದೆ ಹೇಳಿ ಪ್ರಯೋಜನವಿಲ್ಲ. ಅವನ ಗಿರಣಿಗೆ ಬೇಕಾದದ್ದು ಖಾರ.

ಈಗ ಹ್ಯೂಸ್ಟನ್ನಿಗೆ ಬನ್ನಿ. ಈ ಒಂದು ಕಥೆಯನ್ನು ಸರಿಯಾಗಿ ಬಿಡಿಸಿಕೊಂಡರೆ ಉಳಿದದ್ದು ಸುಲಭ. ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಆಟವನ್ನೂ ಶುರು ಮಾಡುವವನು. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎಸೆಯುವುದೋ, ಇನ್ನೊಬ್ಬನಿಗೆ ಕೊಡುವುದೋ, ತಾನೇ ಓಡುವುದೋ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವವನು. ವಿನ್ಸ್ ಯಂಗ್ ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗ. ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಆಡುತ್ತ 2006ರ ಜನವರಿ 4ರಂದು ರೋಸ್ ಬೌಲ್‌ನಲ್ಲಿ, ಇನ್ನು 19 ಸೆಕೆಂಡ್ ಉಳಿದಿರುವಾಗ, ತಾನೇ ಚೆಂಡು ಹಿಡಿದು ಮೂಲೆಗೆ ಓಡಿ ಟಚ್‌ಡೌನ್ ಮಾಡಿದ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸಿದ. 41-38ರ ಆ ಗೆಲುವಿನಿಂದ ಟೆಕ್ಸಾಸ್‌ಗೆ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ಋತುವಿನಲ್ಲಿ ಊರಿನ ವೃತ್ತಿಪರ ತಂಡ ಹ್ಯೂಸ್ಟನ್ ಟೆಕ್ಸನ್ಸ್ 16 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಡ್ರಾಫ್ಟಿನ ಮೊದಲ ಸರದಿ ಗಳಿಸಿತ್ತು. ಊರ ಹುಡುಗ, ಊರ ತಂಡ, ಮೊದಲ ಸರದಿ ಎಲ್ಲವೂ ಕೂಡಿಬಂದಿದ್ದವು. ಆದರೂ ಟೆಕ್ಸನ್ಸ್ ಆರಿಸಿದ್ದು ಉತ್ತರ ಕೆರೊಲಿನಾದ ರಕ್ಷಣಾ ಆಟಗಾರ ಮಾರಿಯೋ ವಿಲಿಯಮ್ಸ್‌ನನ್ನು. ಎರಡನೆಯ ಸರದಿಯಲ್ಲಿ ಇನ್ನೊಬ್ಬ ಹೆಸರಾಂತ ಕಾಲೇಜು ಆಟಗಾರ ರೆಜ್ಜಿ ಬುಷ್ ನ್ಯೂ ಆರ್ಲಿಯನ್ಸ್‌ಗೆ ಹೋದ. ಮೂರನೆಯದರಲ್ಲಿ ಯಂಗ್‌ನನ್ನು ಎತ್ತಿಕೊಂಡದ್ದು ಟೆನೆಸಿ ಟೈಟನ್ಸ್, ಅಂದರೆ ಹಿಂದೆ ಹ್ಯೂಸ್ಟನ್ ಆಯ್ಲರ್ಸ್ ಆಗಿದ್ದು 1997ರಲ್ಲಿ ಊರು ಬಿಟ್ಟು ಹೋದ ತಂಡ! ಹ್ಯೂಸ್ಟನ್ನಿಗರ ಹೊಟ್ಟೆ ಉರಿಯದೆ ಇರುತ್ತದೆಯೇ?

ಬಿಟ್ಟವನ ಹೆಸರನ್ನಷ್ಟೇ ಜಪಿಸದೆ, ಆ ಜಾಗದಲ್ಲಿ ತಂಡ ಯಾರನ್ನು ಇಟ್ಟುಕೊಂಡಿತು ಎಂದು ಇಲ್ಲಿ ಹುಡುಕಬೇಕು. ಟೆಕ್ಸನ್ಸ್‌ಗೆ ಆಗಲೇ ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. 2002ರಲ್ಲಿ ತಂಡ ಹುಟ್ಟಿದಾಗ ಮೊದಲ ಸರದಿಯಲ್ಲೇ ತಂದವನು. ಅವನ ಮುಂದೆ ನಿಂತು ಕಾಯಬೇಕಾದ ಸಾಲು ಎಷ್ಟು ದುರ್ಬಲವಾಗಿತ್ತೆಂದರೆ 2005ರ ಒಂದೇ ಋತುವಿನಲ್ಲಿ ಎದುರಾಳಿಗಳು ಅವನನ್ನು ಚೆಂಡಿನ ಸಮೇತ 68 ಬಾರಿ ಕೆಡವಿದ್ದರು. ಡ್ರಾಫ್ಟಿಗೆ ಮುಂಚೆಯೇ ತಂಡ ಅವನ ಒಪ್ಪಂದವನ್ನು ಮುಂದುವರಿಸಿತ್ತು. ಯಂಗ್‌ನ ಬಾಗಿಲು ಮುಚ್ಚಿದ್ದು ಆ ದಿನ. ಮರುವರ್ಷವೇ, 2007ರ ಮಾರ್ಚ್‌ನಲ್ಲಿ, ಅದೇ ಕಾರ್‌ನನ್ನು ತಂಡ ಬಿಡುಗಡೆ ಮಾಡಿತು. ಬೈಯಲೇಬೇಕೆಂದಿದ್ದರೆ ಈ ಕಾರ್ ವಿಷಯಕ್ಕೆ ಬೈಯಿರಿ, ನಾನೂ ದನಿಗೂಡಿಸುತ್ತೇನೆ. ವಿಲಿಯಮ್ಸ್ ಆಯ್ಕೆಗೆ ಮಾತ್ರ ಬೈಯುವುದಿಲ್ಲ. ಪೇಟನ್ ಮ್ಯಾನಿಂಗ್‌ನಂಥ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ನನ್ನು ವರ್ಷಕ್ಕೆ ಎರಡು ಬಾರಿ ಎದುರಿಸಬೇಕಾದ ತಂಡಕ್ಕೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವವನೊಬ್ಬ ಬೇಕೇ ಬೇಕಿತ್ತು.

ಮೊದಲ ವರ್ಷ ಜನರ ಸಿಟ್ಟೇ ಗೆದ್ದಂತೆ ಕಂಡಿತು. ಯಂಗ್ ವರ್ಷದ ಶ್ರೇಷ್ಠ ಹೊಸ ಆಕ್ರಮಣ ಆಟಗಾರನೆನಿಸಿದ. 2006ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿಗೇ ಬಂದು, ಹೆಚ್ಚುವರಿ ಅವಧಿಯಲ್ಲಿ 39 ಯಾರ್ಡ್ ಓಡಿ ಪಂದ್ಯ ಕಿತ್ತುಕೊಂಡು ಹೋದ. ಮರುವರ್ಷ ವಿಲಿಯಮ್ಸ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು 14 ಬಾರಿ ಕೆಡವಿದ, ಅದರ ಮರುವರ್ಷ 12 ಬಾರಿ. ಯಂಗ್ 2010ರ ನಂತರ ಟೆನೆಸಿಯಲ್ಲಿ ಉಳಿಯಲಿಲ್ಲ. 2011ರ ಋತುವಿನ ಆಚೆಗೆ ಲೀಗಿನ ಯಾವ ಪಂದ್ಯದಲ್ಲೂ ಆಡಲಿಲ್ಲ. ‘ಹಾಗಾದರೆ ತಂಡವೇ ಸರಿ’ ಎಂದು ಹೇಳಲು ಬಾಯಿ ತೆರೆದಿದ್ದರೆ ಸ್ವಲ್ಪ ತಡೆಯಿರಿ.

ಏಕೆಂದರೆ ಪಿಟ್ಸ್‌ಬರ್ಗ್ ಎಂಬ ಊರೂ ಇದೆ. ಡ್ಯಾನ್ ಮರೀನೋ ಅದೇ ಊರಿನವನು, ಅದೇ ಊರಿನ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್. 1983ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ 21ನೆಯ ಸರದಿಯಲ್ಲಿ ಅವನನ್ನು ಬಿಟ್ಟು ಗೇಬ್ರಿಯಲ್ ರಿವೇರಾ ಎಂಬ ರಕ್ಷಣಾ ಆಟಗಾರನನ್ನು ತೆಗೆದುಕೊಂಡಿತು. ಮರೀನೋ 27ನೆಯವನಾಗಿ ಮಯಾಮಿಗೆ ಹೋದ. ಅವನಿಗಿಂತ ಮುಂಚೆ ಆ ಸುತ್ತಿನಲ್ಲೇ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. 1984ರಲ್ಲಿ ಅವನು 5,084 ಯಾರ್ಡ್ ಎಸೆದ, 48 ಟಚ್‌ಡೌನ್ ಮಾಡಿಸಿದ. ಅಲ್ಲಿಯವರೆಗೆ ಯಾರೂ ಒಂದು ಋತುವಿನಲ್ಲಿ ಅಷ್ಟು ಮಾಡಿರಲಿಲ್ಲ. ರಿವೇರಾ 1983ರ ಅಕ್ಟೋಬರಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ.

ಇಲ್ಲಿ ತೀರ್ಪು ಕೊಡುವಾಗ ಎಚ್ಚರ ಬೇಕು. ರಿವೇರಾನ ಅಪಘಾತವನ್ನು ತಂಡದ ತಪ್ಪಿನ ಖಾತೆಗೆ ಬರೆಯುವುದು ಅನ್ಯಾಯ. ಆ ದಿನ ತಂಡಕ್ಕೆ ಗೊತ್ತಿದ್ದದ್ದು, ಗೊತ್ತಿರಬೇಕಾಗಿದ್ದದ್ದು ಏನು ಎಂಬುದಷ್ಟೇ ಲೆಕ್ಕಕ್ಕೆ ಬರಬೇಕು. ಆ ಲೆಕ್ಕದಲ್ಲೂ ನನ್ನ ತೀರ್ಪು ಸ್ಟೀಲರ್ಸ್ ವಿರುದ್ಧವೇ. ಅವರ ಕ್ವಾರ್ಟರ್‌ಬ್ಯಾಕ್ ಟೆರ್ರಿ ಬ್ರ್ಯಾಡ್‌ಶಾನ ಮೊಣಕೈ ಕೆಟ್ಟಿತ್ತು. ವಯಸ್ಸೂ ಮೀರುತ್ತಿತ್ತು. 1983ರ ಋತು ಮುಗಿದ ಮೇಲೆ ಅವನು ನಿವೃತ್ತನಾದ. ಕೊರತೆ ಕಣ್ಣೆದುರಿಗಿತ್ತು. ಮದ್ದು ಅದೇ ಊರಿನಲ್ಲಿತ್ತು. ಮರೀನೋ 1982ರಲ್ಲಿ ಸರಿಯಾಗಿ ಆಡಿರಲಿಲ್ಲ ನಿಜ. ಆದರೆ ಅದಕ್ಕೆ ಹಿಂದಿನ ವರ್ಷ ಅವನು 37 ಟಚ್‌ಡೌನ್ ಮಾಡಿಸಿದ್ದನ್ನು ಊರಿನವರೇ ಮರೆತರೆ ಹೇಗೆ?

ಜನಪ್ರಿಯತೆಯ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ‘ಊರ ಹುಡುಗ ಬಂದರೆ ಟಿಕೆಟ್ ಮಾರಾಟವಾಗುತ್ತದೆ’ ಎನ್ನುವವರು ಜ್ಯಾಕ್ಸನ್‌ವಿಲ್‌ನ ಕ್ವಾರ್ಟರ್‌ಬ್ಯಾಕ್ ಟಿಮ್ ಟೀಬೋನನ್ನು ನೋಡಲಿ. 2010ರಲ್ಲಿ ಊರಿನ ಜ್ಯಾಗ್ವಾರ್ಸ್ ತಂಡ ಹತ್ತನೆಯ ಸರದಿಯಲ್ಲಿ ಅವನನ್ನು ಬಿಟ್ಟು ಟೈಸನ್ ಅಲುವಾಲುನನ್ನು ತೆಗೆದುಕೊಂಡಿತು. ಟೀಬೋ 25ನೆಯವನಾಗಿ ಡೆನ್ವರ್ ಸೇರಿ ಒಂದು ಋತು ದೇಶವನ್ನೇ ಕುಣಿಸಿದ. ಆದರೆ ಅವನು ಎಸೆದ ಚೆಂಡುಗಳಲ್ಲಿ ಅರ್ಧದಷ್ಟೂ ಸಹ ಆಟಗಾರರ ಕೈ ಸೇರುತ್ತಿರಲಿಲ್ಲ. ಟಿಕೆಟ್ ಒಂದು ವರ್ಷ ಮಾರಬಹುದು, ಮುಂದೆ ಸೋತ ತಂಡಕ್ಕೆ ಊರ ಹುಡುಗನ ಮುಖ ನೋಡಿ ಯಾರು ಬರುತ್ತಾರೆ? ನಮ್ಮವರನ್ನೇ ನೋಡಿ. 2011ರ ಹರಾಜಿನಲ್ಲಿ ಕೋಲ್ಕತ್ತ ಸೌರವ್ ಗಂಗೂಲಿಯನ್ನು ಕೂಗಲಿಲ್ಲ. ಊರು ಬೀದಿಗಿಳಿಯಿತು. ಬದಲಿಗೆ ತಂದ ಗೌತಮ್ ಗಂಭೀರ್ ನಾಯಕನಾಗಿ 2012 ಮತ್ತು 2014ರಲ್ಲಿ ಕಪ್ ಗೆದ್ದುಕೊಟ್ಟ. ನಮ್ಮ ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಮಹಾರಾಜ ಟ್ರೋಫಿ ಗೆದ್ದದ್ದು ಬೆಂಗಳೂರಿನ ಮೈದಾನದಲ್ಲಿ, ಮನೀಷ್ ಪಾಂಡೆಯ ನಾಯಕತ್ವದಲ್ಲಿ. ಹುಬ್ಬಳ್ಳಿಯವನಲ್ಲ ಎಂದು ಇಲ್ಲಿ ಯಾರೂ ಕಪ್ ವಾಪಸು ಕಳಿಸಲಿಲ್ಲ.

ರಾಹುಲ್ ವಿಷಯಕ್ಕೆ ಇದೇ ಮಾಪನ ಹಿಡಿಯಿರಿ. 2024ರ ಐಪಿಎಲ್‌ನಲ್ಲಿ ಅವರು 520 ರನ್ ಹೊಡೆದರು, ನೂರು ಎಸೆತಕ್ಕೆ 136ರ ವೇಗದಲ್ಲಿ. ಅದೇ ವರ್ಷ ಫಿಲ್ ಸಾಲ್ಟ್ 435 ರನ್ ಹೊಡೆದದ್ದು 182ರ ವೇಗದಲ್ಲಿ. ಇಬ್ಬರೂ ಆರಂಭಿಕರು, ಇಬ್ಬರೂ ವಿಕೆಟ್ ಕಾಯಬಲ್ಲವರು. ಇನ್ನೊಂದು ತುದಿಯಲ್ಲಿ ಕೊಹ್ಲಿ ಇದ್ದೇ ಇದ್ದರು. ಆರ್‌ಸಿಬಿ 11.5 ಕೋಟಿಗೆ ಸಾಲ್ಟ್‌ರನ್ನೂ 11 ಕೋಟಿಗೆ ಜಿತೇಶ್ ಶರ್ಮಾರನ್ನೂ ಕೊಂಡಿತು. ಮಂಗಳೂರಿನಲ್ಲಿ ಬೆಳೆದ ಹುಡುಗ ಕೆಂಪು ಅಂಗಿ ತೊಡಲಿಲ್ಲವೆಂಬ ಸಂಕಟ ನನಗೂ ಇದೆ, ಆದರೆ ಆ ದಿನದ ಲೆಕ್ಕ ತಪ್ಪೆಂದು ಹೇಳಲಾರೆ.

ಡ್ರಾಫ್ಟಿಗೆ ಮುಂಚೆ ನೀವೇ ಪರೀಕ್ಷೆ ಮಾಡಬೇಕೆಂದರೆ ಹುಡುಗನ ಒಂದು ಇಡೀ ಪಂದ್ಯ ನೋಡಿ, ಒಳ್ಳೆಯ ತುಣುಕುಗಳನ್ನಷ್ಟೇ ಜೋಡಿಸಿದ ವಿಡಿಯೋ ಬೇಡ. ಆ ಆಟದಲ್ಲಿ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ ಇರುತ್ತವೆ. ಮೂರನೆಯ ಅವಕಾಶದಲ್ಲಿ ಇನ್ನೂ ಏಳೆಂಟು ಯಾರ್ಡ್ ಬಾಕಿ ಇದ್ದಾಗ ಚೆಂಡನ್ನು ಬಿಟ್ಟು ಕ್ವಾರ್ಟರ್‌ಬ್ಯಾಕ್‌ನ ಕಾಲುಗಳನ್ನು ನೋಡಿ. ಮೊದಲು ನೋಡಿದ ಜೊತೆಗಾರನಿಗೆ ಕಾವಲು ಬಿದ್ದಿದ್ದರೆ ಅವನು ನಿಂತಲ್ಲೇ ತಲೆ ತಿರುಗಿಸಿ ಎರಡನೆಯವನನ್ನು ಹುಡುಕುತ್ತಾನೋ, ಇಲ್ಲವೇ ತಕ್ಷಣ ಓಟಕ್ಕೆ ಬೀಳುತ್ತಾನೋ? ಕಾಲೇಜಿನಲ್ಲಿ ಓಡಿ ಗೆಲ್ಲಬಹುದು. ವೃತ್ತಿಪರರಲ್ಲಿ ಹಿಂದಟ್ಟುವವರೂ ಅಷ್ಟೇ ಬಿರುಸಿನವರು.

ನೋಡಿದ ಮೇಲೆ ಬರೆದಿಡಿ. ನಾನು ಅಂಗಡಿಯ ಹಳೆಯ ಖಾತೆಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯುತ್ತೇನೆ: ಬಿಟ್ಟವನು, ತೆಗೆದುಕೊಂಡವನು, ಆ ಜಾಗದಲ್ಲಿ ಆಗಲೇ ಇದ್ದವನು, ನಾನಾಗಿದ್ದರೆ ಏನು ಮಾಡುತ್ತಿದ್ದೆ. ನಾಲ್ಕನೆಯದನ್ನು ಆಯ್ಕೆಯ ದಿನವೇ ತಾರೀಖು ಹಾಕಿ ತುಂಬಬೇಕು. ಮೂರು ಋತು ಕಳೆಯುವವರೆಗೆ ಕೈ ಹಚ್ಚಬಾರದು. ಚಹಾ ಅಂಗಡಿಯ ಮುಂದೆ ‘ನಾನು ಆಗಲೇ ಹೇಳಿದ್ದೆ’ ಎನ್ನುವವರು ನಮ್ಮಲ್ಲಿ ಬಹಳ. ಹಾಳೆ ತೋರಿಸಿ ಎಂದರೆ ಅವರ ಚಹಾ ಬೇಗ ಮುಗಿಯುತ್ತದೆ.

ಬಿಟ್ಟ ಹುಡುಗ ಎದುರಾಳಿಯ ಅಂಗಿ ತೊಟ್ಟು ಊರಿಗೆ ಬರುವ ದಿನ ಹಾಳೆ ಮನೆಯಲ್ಲೇ ಇರಲಿ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಹುಲ್ 53 ಎಸೆತಗಳಲ್ಲಿ ಔಟಾಗದೆ 93 ಹೊಡೆದು ಡೆಲ್ಲಿಯನ್ನು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಮೈದಾನ ಎಂದು ತೋರಿಸಿದರು. ಅಂದು ಚಪ್ಪಾಳೆ ತಟ್ಟಿ. ಅದೊಂದು ಪಂದ್ಯವನ್ನು ಸಾಕ್ಷಿಯಾಗಿ ತರಬೇಡಿ. ಜೂನ್ 3ರಂದು ಕಪ್ ಎತ್ತಿದ್ದು ಆರ್‌ಸಿಬಿ. ಅದನ್ನೂ ಏಕೈಕ ಸಾಕ್ಷಿ ಮಾಡಬೇಡಿ.

ಹುಡುಗ ನಿಜವಾಗಿಯೂ ನಿಮ್ಮ ಓಣಿಯವನೇ ಆಗಿದ್ದರೆ ಮಾತು ಬೇರೆ. ಪಟ್ಟಿಯಲ್ಲಿ ಹೆಸರು ಬರದ ಸಂಜೆ ಅವನ ಮನೆಗೆ ಹೋಗಿ ‘ಅನ್ಯಾಯ, ರಾಜಕೀಯ’ ಎಂದು ಅವನ ತಾಯಿಯ ಮುಂದೆ ಕೂಗಾಡಬೇಡಿ. ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಮುಗಿದ ಮೇಲೆ, ಯಾರೂ ಆರಿಸದವರು ಯಾವ ತಂಡದ ಜೊತೆಗಾದರೂ ಒಪ್ಪಂದ ಮಾಡಿಕೊಳ್ಳಬಹುದು. ಐಪಿಎಲ್‌ನಲ್ಲಿ ಗಾಯಗೊಂಡವರ ಜಾಗಕ್ಕೆ ಋತುವಿನ ನಡುವೆ ಕರೆ ಬರುವುದುಂಟು. ಪಿಟ್ಸ್‌ಬರ್ಗಿನವನೇ ಆದ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್‌ನನ್ನು 1955ರಲ್ಲಿ ಸ್ಟೀಲರ್ಸ್ ಒಂಬತ್ತನೆಯ ಸುತ್ತಿನಲ್ಲಿ (ಆಗ ಸುತ್ತುಗಳು ಏಳಕ್ಕಿಂತ ಹೆಚ್ಚಿದ್ದವು) ಆರಿಸಿ, ಋತು ಶುರುವಾಗುವ ಮೊದಲೇ ಮನೆಗೆ ಕಳಿಸಿತ್ತು. ಅವನು ಕಟ್ಟಡ ಕೆಲಸ ಮಾಡುತ್ತ, ಪಂದ್ಯಕ್ಕೆ ಆರು ಡಾಲರ್ ಕೂಲಿಯ ಸ್ಥಳೀಯ ತಂಡದಲ್ಲಿ ಎಸೆಯುತ್ತಲೇ ಇದ್ದ. 1956ರಲ್ಲಿ ಬಾಲ್ಟಿಮೋರ್ ಕರೆಯಿತು. 1958ರಲ್ಲೂ 1959ರಲ್ಲೂ ಲೀಗ್ ಚಾಂಪಿಯನ್ ಆದದ್ದು ಅವನ ತಂಡ. ಆದ್ದರಿಂದ ನಿಮ್ಮ ಓಣಿಯ ಹುಡುಗನಿಗೆ ಬೇಕಾದದ್ದನ್ನು ವಿಚಾರಿಸಿ. ಮುಂದಿನ ಆಯ್ಕೆ ಶಿಬಿರ ಯಾವಾಗ, ಹುಬ್ಬಳ್ಳಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ರೈಲು, ಅಭ್ಯಾಸಕ್ಕೆ ಚೆಂಡು ಎಸೆಯಲು ಯಾರಿದ್ದಾರೆ, ಬಸ್ಸಿನ ಖರ್ಚಿಗೆ ಎಷ್ಟು ಬೇಕು. ಬಸ್ಸಿನ ಖರ್ಚನ್ನು ಓಣಿಯವರು ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ.